ಬೈಕಿನ ತೂಕಕ್ಕೆ ದುಡ್ಡು, ಮೈ ತೂಕಕ್ಕೆ ಉಪವಾಸ

ದಾವಣಗೆರೆಯಲ್ಲಿ ತೂಕಕ್ಕೆ ಬರದ ವಸ್ತು ಕಡಿಮೆ. ಎಪಿಎಂಸಿಗೆ ಬರುವ ಮೆಕ್ಕೆಜೋಳದ ಲೋಡು ವೇ ಬ್ರಿಡ್ಜ್ ಹತ್ತಲೇಬೇಕು. ಗುಜರಿ ಅಂಗಡಿಯವನು ಹಳೇ ಪೇಪರನ್ನೂ ತೂಗದೆ ಮುಟ್ಟುವುದಿಲ್ಲ. ಕುಸ್ತಿ ಕಲಿಯುವ ಹುಡುಗರು ಬೆಳಗ್ಗೆ ಎದ್ದು ಮೊದಲು ಕಾಲಿಡುವುದು ತೂಕದ ಯಂತ್ರದ ಮೇಲೆ. ಆದರೆ ನಮ್ಮ ಕಡೆ ನಡೆಯುವ ಮಣ್ಣಿನ ಟ್ರ್ಯಾಕಿನ ಬೈಕ್ ರೇಸುಗಳಲ್ಲಿ ಕೇಳುವುದು ನಾಲ್ಕೇ ಪ್ರಶ್ನೆ: ಎಷ್ಟು ಸಿಸಿ? ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ? ಹೆಲ್ಮೆಟ್ ಇದೆಯಾ? ಎಂಟ್ರಿ ಫೀ ಕಟ್ಟಿದೆಯಾ? ಬೈಕಿನ ಮೇಲೆ ಕೂರುವವನು ಎಷ್ಟು ಭಾರ ಅಂತ ನಾವು ನೋಡಿದ ಯಾವ ರೇಸಿನಲ್ಲೂ ಯಾರೂ ಕೇಳಿಲ್ಲ.

ನಾವು ಎಂದರೆ ಇಬ್ಬರು. ಒಬ್ಬರು ಬರೆಯುವವರು, ಇನ್ನೊಬ್ಬರು ಫೋಟೊ ತೆಗೆಯುವವರು. ಇಬ್ಬರೂ ಜಿಲ್ಲೆಯ ಸ್ಟ್ರಿಂಗರ್‌ಗಳು, ಒಂದೇ ಬೈಕಿನಲ್ಲಿ ಓಡಾಡುವವರು. ಕೆಡಿಪಿ ಸಭೆ, ಬೆಳೆ ಹಾನಿ, ಭದ್ರಾ ನಾಲೆ ನೀರಿನ ಗಲಾಟೆಗಳ ನಡುವೆ ಭಾನುವಾರ ರೇಸ್ ಇದ್ದರೆ ಅದಕ್ಕೂ ಹೋಗುತ್ತೇವೆ. 'ರೋಮಾಂಚನ ಮೂಡಿಸಿದ ಬೈಕ್ ರೇಸ್' ಎಂಬ ಹೆಡಿಂಗ್ ಕೆಳಗೆ ಧೂಳೆಬ್ಬಿಸಿ ಹಾರುವ ಬೈಕಿನ ಒಂದು ಫೋಟೊ, ಕೆಳಗೆ ಗೆದ್ದವರ ಹೆಸರು ಮತ್ತು ಊರು. ಅಷ್ಟರಲ್ಲಿ ಜಾಗ ಮುಗಿಯುತ್ತದೆ. ಆ ಜಾಗದಲ್ಲಿ ಹಿಡಿಯದ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ.

ಸವಾರನ ತೂಕ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಬೈಕೇ ಸಾಕು. ನಮ್ಮಲ್ಲಿ ಒಬ್ಬರು 58 ಕೆ.ಜಿ., ಇನ್ನೊಬ್ಬರು 84. ಬೈಕು 110 ಸಿಸಿ, ಹೆಚ್ಚೂಕಡಿಮೆ 112 ಕೆ.ಜಿ. ಸಣಕಲು ಒಬ್ಬರೇ ಹೋದರೆ ಒಟ್ಟು 170, ದಪ್ಪನವರು ಒಬ್ಬರೇ ಹೋದರೆ 196. ಎಂಜಿನ್ ಅದೇ, ಪೆಟ್ರೋಲ್ ಅದೇ. ಎಳೆಯಬೇಕಾದ ಭಾರ ಮಾತ್ರ ಶೇ 15ರಷ್ಟು ಜಾಸ್ತಿ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಹಂಪ್ ದಾಟಿದ ಮೇಲೆ ಮತ್ತೆ ವೇಗ ಎತ್ತುವಾಗ, ಮೇಲ್ಸೇತುವೆಯ ಏರಿನಲ್ಲಿ, ಲಾರಿ ಓವರ್‌ಟೇಕ್ ಮಾಡುವಾಗ. ಇಬ್ಬರೂ ಕೂತಾಗಿನ ಕಥೆ ಹೇಳುವುದೇ ಬೇಡ.

ರೇಸಿನ ಮೂಲ ಲೆಕ್ಕವೂ ಇದೇ. ವೇಗ ಎತ್ತುವುದು ತೂಕದ ಮೇಲೆ ನಿಂತಿದೆ. ಗರಿಷ್ಠ ವೇಗ ಮಾತ್ರ ಹೆಚ್ಚಾಗಿ ಗಾಳಿಯ ಮೇಲೆ ನಿಂತಿದೆ. ಅಲ್ಲಿ ದಪ್ಪಕ್ಕಿಂತ ಎತ್ತರ, ಅಗಲವಾದ ಭುಜ ತೊಂದರೆ ಕೊಡುತ್ತವೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ದೊಡ್ಡ ಟ್ರ್ಯಾಕಿನ ಸವಾರರು ಟ್ಯಾಂಕಿನ ಮೇಲೆ ಹೊಟ್ಟೆ ಅಂಟಿಸಿ ಮಲಗುವುದು. ನಮ್ಮ ಮಣ್ಣಿನ ಟ್ರ್ಯಾಕಿನಲ್ಲಿ ಅಂಥ ಉದ್ದದ ನೇರ ದಾರಿ ಇರುವುದಿಲ್ಲ. ಐವತ್ತು ಮೀಟರಿಗೊಂದು ತಿರುವು, ನಡುವೆ ಮಣ್ಣಿನ ದಿಬ್ಬ. ಪ್ರತಿ ತಿರುವಿನಲ್ಲೂ ನಿಧಾನ ಮಾಡಿ ಮತ್ತೆ ಎಳೆಯಬೇಕು. ಹಂಪ್ ದಾಟಿದ ಮೇಲೆ ನಮಗೆ ಆಗುವ ಅನುಭವ ಅವರಿಗೆ ಒಂದು ರೇಸಿನಲ್ಲಿ ನೂರು ಸಲ ಆಗುತ್ತದೆ.

ದೊಡ್ಡ ಬೈಕುಗಳಲ್ಲಿ ಕಥೆ ಸ್ವಲ್ಪ ಬೇರೆ. ಮೋಟೊಜಿಪಿಯ ಸಾವಿರ ಸಿಸಿ ಬೈಕಿಗೆ 250 ಅಶ್ವಶಕ್ತಿಗೂ ಮೇಲೆ. ಅದರಲ್ಲಿ ಪೂರ್ತಿ ಆಕ್ಸಿಲರೇಟರ್ ತಿರುಗಿಸಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಅಂದರೆ ಅಲ್ಲಿ ಕಡಿಮೆ ಬೀಳುವುದು ಶಕ್ತಿಯಲ್ಲ, ಟೈರಿನ ಹಿಡಿತ ಮತ್ತು ಸಮತೋಲ. ಸ್ಪೇನಿನ ಡಾನಿ ಪೆಡ್ರೋಸಾ ಇದಕ್ಕೆ ಒಳ್ಳೆಯ ಉದಾಹರಣೆ. ಎತ್ತರ 1.6 ಮೀಟರ್, ತೂಕ ಬರೀ 51 ಕೆ.ಜಿ. 2003ರಲ್ಲಿ 125 ಸಿಸಿಯಲ್ಲಿ, 2004 ಮತ್ತು 2005ರಲ್ಲಿ 250 ಸಿಸಿಯಲ್ಲಿ ವಿಶ್ವ ಚಾಂಪಿಯನ್. ಮೋಟೊಜಿಪಿಗೆ ಬಂದ ಮೇಲೆ 31 ರೇಸ್ ಗೆದ್ದರು, ಮೂರು ಸಲ ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂದರು, ಆದರೆ ಆ ಪಟ್ಟ ಒಮ್ಮೆಯೂ ಸಿಗಲಿಲ್ಲ. ಟೈರಿಗೆ ಬೇಕಾದಷ್ಟು ಬಿಸಿ ತರಿಸಲು ಆ ಮೈಭಾರ ಸಾಲದೆ ಒದ್ದಾಡಿದ ರೇಸುಗಳು ಅವರಿಗೆ ಹಲವು. ಅದೇ ಕಾಲದಲ್ಲಿ ಆರಡಿ ಹತ್ತಿರದ ವ್ಯಾಲೆಂಟಿನೊ ರೊಸ್ಸಿ ಪಟ್ಟದ ಮೇಲೆ ಪಟ್ಟ ಗೆದ್ದರು. ಹಗುರ ಇದ್ದವನೇ ಗೆಲ್ಲುತ್ತಾನೆ ಅಂತ ಯಾರಾದರೂ ಹೇಳಿದರೆ ಈ ಇಬ್ಬರನ್ನು ತೋರಿಸಬಹುದು. ಆದರೆ ಎಂಜಿನ್ ಚಿಕ್ಕದಾದಷ್ಟೂ ಈ ಸಮಾಧಾನ ಕೆಲಸಕ್ಕೆ ಬರುವುದಿಲ್ಲ.

ಇದು ಜಗತ್ತಿನ ರೇಸ್ ನಡೆಸುವವರಿಗೆ ಗೊತ್ತು. ಅದಕ್ಕೇ ಅವರ ನಿಯಮ ಒಂದೊಂದು ತರಗತಿಗೆ ಒಂದೊಂದು ಥರ. ಸಾವಿರ ಸಿಸಿಯ ಮೋಟೊಜಿಪಿ ಬೈಕು 157 ಕೆ.ಜಿ.ಗಿಂತ ಕಡಿಮೆ ಇರಬಾರದು. ಸವಾರ ಎಷ್ಟಿದ್ದರೂ ಸರಿ. ಚಿಕ್ಕ ಎಂಜಿನ್ನಿನ ಮೋಟೊ3ಯಲ್ಲಿ ಹಾಗಲ್ಲ. ಅಲ್ಲಿ ಬೈಕು, ಸವಾರ, ಹೆಲ್ಮೆಟ್, ಬೂಟು ಎಲ್ಲ ಸೇರಿ 152 ಕೆ.ಜಿ. ಇರಲೇಬೇಕು. ಮೋಟೊ2ರಲ್ಲೂ ಹಾಗೇ, ಎಲ್ಲ ಸೇರಿ 217. ಸವಾರ ಸಣಕಲಾದರೆ ಬೈಕಿಗೆ ಸೀಸದ ತುಂಡು ಕಟ್ಟಬೇಕು. ವಿಶ್ವ ಸೂಪರ್‌ಬೈಕಿನಲ್ಲಿ ಈ ಲೆಕ್ಕ ಇರಲಿಲ್ಲ. ಅಲ್ಲಿ ಹಗುರ ಮೈಯ ಆಲ್ವಾರೊ ಬೌಟಿಸ್ಟಾ 2022, 2023ರಲ್ಲಿ ಸತತ ಚಾಂಪಿಯನ್ ಆದ ಮೇಲೆ ಗಲಾಟೆ ಜೋರಾಯಿತು. 2024ರಿಂದ ನಿಯಮ ಬಂತು: ಗೇರ್ ಸಮೇತ 80 ಕೆ.ಜಿ. ಆಧಾರ, ಅದಕ್ಕಿಂತ ಎಷ್ಟು ಕಡಿಮೆಯೋ ಅದರ ಅರ್ಧದಷ್ಟು ತೂಕ ಬೈಕಿಗೆ ಸೇರಬೇಕು. ಅರ್ಧ ಯಾಕೆ? ಬೈಕಿಗೆ ಕಟ್ಟಿದ ಸೀಸ ಸತ್ತ ತೂಕ. ಸವಾರನ ತೂಕ ಹಾಗಲ್ಲ. ತಿರುವಿನಲ್ಲಿ ಒಳಗೆ ವಾಲುತ್ತದೆ, ಬ್ರೇಕಿನಲ್ಲಿ ಹಿಂದೆ ಸರಿಯುತ್ತದೆ, ದಿಬ್ಬದ ಮೇಲೆ ನಿಲ್ಲುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಪೂರ್ತಿ ಸಮ ಮಾಡಲು ಬರುವುದಿಲ್ಲ.

ಇನ್ನು ಹರಿಹರಕ್ಕೆ ಬರೋಣ. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಮಶೀನು ತಯಾರಿಸಿತು. ಫ್ಯಾಕ್ಟರಿ ಮುಚ್ಚಿ ಎರಡು ದಶಕ ದಾಟಿದೆ, ಆದರೆ ಕಬ್ಬಿಣ ಕಡೆಯುವ ವಿದ್ಯೆ ಊರು ಬಿಟ್ಟು ಹೋಗಿಲ್ಲ. ಶೆಡ್ಡುಗಳಲ್ಲಿ ಸಣ್ಣ ಸಣ್ಣ ಲೇತ್ ಇನ್ನೂ ತಿರುಗುತ್ತಿವೆ. ನಮಗೆ ಪರಿಚಯದ ಒಬ್ಬ ಹುಡುಗ ಅಂಥದೊಂದು ಶೆಡ್ಡಿನ ಪಕ್ಕದಲ್ಲೇ ಗ್ಯಾರೇಜು ಇಟ್ಟಿದ್ದಾನೆ. ಅಪ್ಪ ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದವರು. ಹುಡುಗನಿಗೆ 24 ವರ್ಷ, ತೂಕ 79 ಕೆ.ಜಿ. ಶಿವಮೊಗ್ಗ, ಚಿಕ್ಕಮಗಳೂರು, ಹುಬ್ಬಳ್ಳಿ ಕಡೆ ಎಲ್ಲಿ ಡರ್ಟ್ ರೇಸ್ ಆದರೂ ಬೈಕನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗುತ್ತಾನೆ. ಹೆಸರು ಬೇಡ ಎಂದಿದ್ದಾನೆ, ಬರೆಯುವುದಿಲ್ಲ.

ರೇಸಿಗೆ ಬೈಕು ತಯಾರು ಮಾಡುವುದನ್ನು ಅವನ ಗ್ಯಾರೇಜಿನಲ್ಲಿ ಕೂತು ನೋಡಿದ್ದೇವೆ. ತೂಕ ಇಳಿಸುವ ಕೆಲಸ ಮೂರು ಹಂತದ್ದು. ಮೊದಲನೆಯದು ಬಿಟ್ಟಿ ತೂಕ. ಸೀರೆ ಗಾರ್ಡು, ಲೆಗ್ ಗಾರ್ಡು, ಮೇನ್ ಸ್ಟ್ಯಾಂಡು, ಇಂಡಿಕೇಟರು, ಕನ್ನಡಿ, ಹಿಂದಿನವರು ಹಿಡಿದುಕೊಳ್ಳುವ ಹ್ಯಾಂಡಲು, ಹೆಡ್‌ಲೈಟು. ಎಲ್ಲ ಬಿಚ್ಚಿ ಲೇತ್ ಶೆಡ್ಡಿನ ಕಾಟಾದ ಮೇಲೆ ಗುಡ್ಡೆ ಹಾಕಿದರೆ ಹತ್ತು ಕೆ.ಜಿ. ಹತ್ತಿರ. ಖರ್ಚು ಒಂದು ಸ್ಪ್ಯಾನರ್ ತಿರುಗಿಸುವಷ್ಟು.

ಎರಡನೆಯದು ದುಡ್ಡಿನ ತೂಕ. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗುತ್ತದೆ, ಟೈಟಾನಿಯಂ 4.5, ಅಲ್ಯುಮಿನಿಯಂ 2.7. ಉಕ್ಕಿನ ಸೈಲೆನ್ಸರ್ ತೆಗೆದು ಹಗುರದ್ದು ಹಾಕಬೇಕು, ಸೀಸದ ಬ್ಯಾಟರಿ ತೆಗೆದು ಲಿಥಿಯಂ ಹಾಕಬೇಕು, ಉಕ್ಕಿನ ಸ್ವಿಂಗ್ ಆರ್ಮ್ ಬದಲು ಅಲ್ಯುಮಿನಿಯಂ. ಪ್ರತಿ ಕೆ.ಜಿ.ಗೂ ಸಾವಿರಗಳ ಲೆಕ್ಕ. ಕೈಯಲ್ಲಿ ಲೇತ್ ಇರುವುದರಿಂದ ಈ ಹುಡುಗ ಸ್ಪ್ರಾಕೆಟ್ಟಿಗೆ ತೂತು ಕೊರೆದು, ಬ್ರ್ಯಾಕೆಟ್ಟುಗಳನ್ನು ಅಲ್ಯುಮಿನಿಯಂನಲ್ಲಿ ಕಡೆದು ಒಂದಷ್ಟು ಉಳಿಸಿದ. ಬ್ರೇಕು ಮತ್ತು ಫುಟ್‌ರೆಸ್ಟಿನ ಬೋಲ್ಟಿಗೆ ಮಾತ್ರ ಕೈ ಹಾಕಲು ಅಪ್ಪ ಬಿಡಲಿಲ್ಲ. "ಹಗುರ ಆಗ್ಬೇಕು ಅಂತ ಪ್ರಾಣ ಹಿಡಿಯೋ ಬೋಲ್ಟ್ ಕೊರೀತಾರೇನ್ಲೇ?" ಅಂದರಂತೆ.

ದುಡ್ಡು ಮುಗಿದ ಮೇಲೆ ಮೂರನೆಯದು ಶುರುವಾಗುತ್ತದೆ. ಹೊಟ್ಟೆಯ ತೂಕ. ಇದಕ್ಕೆ ಪಾರ್ಟ್ಸ್ ಬೇಡ, ಬಿಲ್ ಇಲ್ಲ. ರೇಸಿಗೆ ಎರಡು ದಿನ ಮೊದಲು ಊಟ ನಿಲ್ಲಿಸುವುದು. ಹಿಂದಿನ ದಿನ ನೀರು ಕಡಿಮೆ ಮಾಡುವುದು. ಮಧ್ಯಾಹ್ನದ ಬಿಸಿಲಿಗೆ ಮಳೆ ಕೋಟು ಹಾಕಿಕೊಂಡು ತುಂಗಭದ್ರೆಯ ದಡದಲ್ಲಿ ಓಡಿ ಬೆವರು ಇಳಿಸುವುದು. ಇದನ್ನು ಅವನಿಗೆ ಹೇಳಿಕೊಟ್ಟಿದ್ದು ಕುಸ್ತಿ ಆಡುವ ಗೆಳೆಯ. ಹೀಗೆ ಮಾಡಿ ಮೂರು ಕೆ.ಜಿ. ಇಳಿಸುತ್ತಾನೆ. ದಾವಣಗೆರೆಗೆ ಬಂದರೆ ಬೆಣ್ಣೆ ದೋಸೆ ಹೋಟೆಲಿನ ಎದುರು ನಿಲ್ಲುವುದೂ ಇಲ್ಲ, ವಾಸನೆಗೇ ಮನಸ್ಸು ಕೆಡುತ್ತದಂತೆ.

ಹೋದ ಬೇಸಿಗೆಯ ಒಂದು ರೇಸಿನಲ್ಲಿ ನಾವೂ ಇದ್ದೆವು. ಮಧ್ಯಾಹ್ನ ಎರಡು ಗಂಟೆ, ಬಿಸಿಲು 38 ಡಿಗ್ರಿ ದಾಟಿತ್ತು. ಮೈಮೇಲೆ ಜಾಕೆಟ್ಟು, ಎದೆ ಗಾರ್ಡು, ಮೊಣಕಾಲು ಗಾರ್ಡು, ಹೆಲ್ಮೆಟ್ಟು. ಅವನು ಮೂರನೇ ಸ್ಥಾನದಲ್ಲಿದ್ದ. ಕೊನೆಯ ಸುತ್ತಿನ ಹಿಂದಿನ ಸುತ್ತಿನಲ್ಲಿ ತಿರುವಿಗೆ ಬರುವಾಗ ಬ್ರೇಕೇ ಹಿಡಿಯಲಿಲ್ಲ. ನೇರ ಹೋಗಿ ಟೈರಿನ ಗೋಡೆಗೆ ಹೊಡೆದ. ಕಾಲರ್ ಬೋನ್ ಮುರಿಯಿತು. ಆಸ್ಪತ್ರೆಯಲ್ಲಿ ಮೊದಲು ಹಾಕಿದ್ದು ಡ್ರಿಪ್ಪು. ತಿರುವು ಕಾಣಲಿಲ್ಲವಾ ಎಂದರೆ, "ಕಂಡ್ತು ಸಾರ್. ಕೈಗೆ ಹೇಳೋದು ಲೇಟಾತು" ಅಂದ.

ಅವನ ಕೈ ಕಟ್ಟು ಬಿಚ್ಚಿದ ಮೇಲೆ ಒಂದು ಸಂಜೆ ಗ್ಯಾರೇಜಿನ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆವು. ಬಿಚ್ಚಿದ ಬೈಕು 130, ಸವಾರ 79, ಹೆಲ್ಮೆಟ್ಟು-ಬೂಟು-ಗಾರ್ಡು 8. ಒಟ್ಟು 217 ಕೆ.ಜಿ. ಇದರಲ್ಲಿ ಮೂರು ಕೆ.ಜಿ. ಇಳಿದರೆ ಶೇ 1.4. ಅಂದರೆ ಎರಡು ದಿನದ ಉಪವಾಸ, ಮಳೆ ಕೋಟಿನ ಓಟ ಎಲ್ಲಕ್ಕೂ ಸಿಗುವ ಫಲ ಎಳೆತದಲ್ಲಿ ಶೇ 1.4ರಷ್ಟು. ಈಗ ಇನ್ನೊಂದು ಕಡೆ ನೋಡಿ. ಎರಡು ದಿನದಲ್ಲಿ ಇಳಿಯುವ ಮೂರು ಕೆ.ಜಿ. ಕೊಬ್ಬಲ್ಲ, ಹೆಚ್ಚಿನದು ನೀರು. 79 ಕೆ.ಜಿ. ಮೈಯಲ್ಲಿ ಮೂರು ಕೆ.ಜಿ. ಅಂದರೆ ಶೇ 3.8. ಮೈ ತೂಕದ ಶೇ 2ರಷ್ಟು ನೀರು ಹೋದರೆ ಸಾಕು, ದಣಿವು ಬೇಗ ಬರುತ್ತದೆ, ಗಮನ ಸಡಿಲವಾಗುತ್ತದೆ ಎನ್ನುತ್ತಾರೆ ಕ್ರೀಡಾ ವೈದ್ಯರು. ಬಿಸಿಲಲ್ಲಿ ಇನ್ನೂ ಜಾಸ್ತಿ. ಸೀರೆ ಗಾರ್ಡು, ಸ್ಟ್ಯಾಂಡು ಬಿಚ್ಚಿದ್ದಕ್ಕೇ ಶೇ 4ಕ್ಕಿಂತ ಹೆಚ್ಚು ಲಾಭ ಬಂದಿತ್ತು, ಯಾವ ನೋವೂ ಇಲ್ಲದೆ.

ನೀರಿಲ್ಲದ ಮೈ ಏನು ಮಾಡುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2023ರ ಸೆಪ್ಟೆಂಬರ್ 24ರಂದು ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಭಾರತದ ಮೊದಲ ಮೋಟೊಜಿಪಿ ನಡೆಯಿತು. ಸೆಖೆಗೆ ಹೆದರಿ ರೇಸನ್ನೇ 24 ಸುತ್ತಿನಿಂದ 21ಕ್ಕೆ ಇಳಿಸಿದ್ದರು. ಆದರೂ ಎರಡನೇ ಸ್ಥಾನ ಪಡೆದ ಜಾರ್ಜ್ ಮಾರ್ಟಿನ್ ಬೈಕಿನಿಂದ ಇಳಿದವರೇ ನೀರಿನಂಶ ಕಳೆದುಕೊಂಡು ಕುಸಿದರು. ಅವರು ಉಪವಾಸ ಮಾಡಿ ಬಂದವರಲ್ಲ, ಡಾಕ್ಟರು, ಟ್ರೇನರು ಸುತ್ತ ಇದ್ದವರು.

ಕುಸ್ತಿಯ ಕಥೆ ಇನ್ನೂ ಕಠಿಣ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ ಫೈನಲ್ ತಲುಪಿ, ಮರುದಿನ ಬೆಳಗ್ಗೆ 50 ಕೆ.ಜಿ.ಗೆ 100 ಗ್ರಾಂ ಹೆಚ್ಚಾಗಿ ಅನರ್ಹರಾದರು. ರಾತ್ರಿಯಿಡೀ ಬೆವರಿಳಿಸಿ, ಕೂದಲು ಕತ್ತರಿಸಿದರೂ ಆ 100 ಗ್ರಾಂ ಇಳಿಯಲಿಲ್ಲ. ಅಮೆರಿಕದಲ್ಲಿ 1997ರ ನವೆಂಬರ್-ಡಿಸೆಂಬರಿನಲ್ಲಿ ಒಂದು ತಿಂಗಳ ಆಸುಪಾಸಿನಲ್ಲೇ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುತ್ತಲೇ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ತೂಕ ಹಾಕುವ ನಿಯಮವನ್ನೇ ಬದಲಿಸಿತು. ಕುಸ್ತಿಪಟು ಕೊನೆಗೆ ಚಾಪೆಯ ಮೇಲೆ ಬೀಳುತ್ತಾನೆ. ಬೈಕ್ ಸವಾರ ಓಡುವ ಯಂತ್ರದ ಮೇಲಿಂದ ಬೀಳುತ್ತಾನೆ, ಹಿಂದಿನಿಂದ ಇನ್ನೂ ಹತ್ತು ಬೈಕು ಬರುತ್ತಿರುತ್ತವೆ.

ಲೆಕ್ಕ ಮುಗಿಸಿ ಪುಸ್ತಕ ಅವನ ಕೈಗೆ ಕೊಟ್ಟೆವು. ಹುಡುಗ ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ: "ಲೆಕ್ಕ ಸರಿ ಐತೆ ಸಾರ್. ಆದ್ರೆ ಪಕ್ಕದ ಗೇಟ್‌ನಾಗೆ ನಿಂತೋನು ಐವತ್ತೆಂಟು ಕೆಜಿ ಇರ್ತಾನೆ. ಅವನಪ್ಪ ಅವನಿಗೆ ಹಗುರದ ಸೈಲೆನ್ಸರ್ರೂ ಕೊಡ್ಸಿರ್ತಾನೆ. ನನ್ ಕೈಯಾಗೆ ಈ ಮೂರು ಕೆಜಿ ಬಿಟ್ರೆ ಇನ್ನೇನೈತೆ ಹೇಳ್ರಿ?"

ಈ ಪ್ರಶ್ನೆಗೆ ಅರ್ಧ ಉತ್ತರ ಗ್ಯಾರೇಜಿನಲ್ಲೇ ಇದೆ. ಸವಾರನ ತೂಕಕ್ಕೆ ತಕ್ಕಂತೆ ಸಸ್ಪೆನ್ಷನ್ ಹೊಂದಿಸುವುದಕ್ಕೆ ದುಡ್ಡು ಬೇಡ. ಡಬಲ್ ಸೀಟು ಹೋಗುವಾಗ ಹಿಂದಿನ ಶಾಕ್ ಅಬ್ಸಾರ್ಬರನ್ನು ಒಂದು ನಾಚ್ ಬಿಗಿ ಮಾಡುವುದು ನಮ್ಮೆಲ್ಲರಿಗೂ ಗೊತ್ತು. ರೇಸಿನಲ್ಲೂ ಅದೇ ವಿದ್ಯೆ, ಸ್ವಲ್ಪ ಅಳತೆ ಹಿಡಿದು ಮಾಡಬೇಕು: ಸವಾರ ಗೇರ್ ಸಮೇತ ಕೂತಾಗ ಹಿಂದಿನ ಸಸ್ಪೆನ್ಷನ್ ತನ್ನ ಒಟ್ಟು ಓಟದ ಮೂರನೇ ಒಂದು ಭಾಗದ ಆಸುಪಾಸು ಕುಸಿಯಬೇಕು. ಜಾಸ್ತಿ ಕುಸಿದರೆ ದಿಬ್ಬದಿಂದ ಇಳಿದಾಗ ತಳ ಬಡಿಯುತ್ತದೆ, ಕಡಿಮೆ ಕುಸಿದರೆ ಚಕ್ರ ಪುಟಿದು ಮಣ್ಣು ಬಿಡುತ್ತದೆ. 79 ಕೆ.ಜಿ. ಹುಡುಗ 58 ಕೆ.ಜಿ.ಯವನ ಸೆಟ್ಟಿಂಗಿನಲ್ಲಿ ಓಡಿಸಿದರೆ ಕಳೆದುಕೊಳ್ಳುವುದು ಮೂರು ಕೆ.ಜಿ.ಗಿಂತ ಹೆಚ್ಚು. ಸಡಿಲ ಮಣ್ಣಿನಲ್ಲಿ ಭಾರದವನಿಗೆ ಅನುಕೂಲವೂ ಉಂಟು, ಹಿಂದಿನ ಚಕ್ರಕ್ಕೆ ಒತ್ತು ಸಿಗುತ್ತದೆ. ಇದನ್ನೆಲ್ಲ ಹುಡುಗ ಒಪ್ಪಿದ. ಟೇಪು ಹಿಡಿದು ಅಳೆದೂ ಬಿಟ್ಟ.

ಉಳಿದರ್ಧ ಉತ್ತರ ರೇಸ್ ನಡೆಸುವವರ ಕೈಯಲ್ಲಿದೆ. 196 ಕೆ.ಜಿ. ಒಂದು ಕಡೆ, 217 ಕೆ.ಜಿ. ಇನ್ನೊಂದು ಕಡೆ ನಿಲ್ಲಿಸಿ ಒಂದೇ ಬಾವುಟ ಬೀಸಿದರೆ ಭಾರದವನು ಶೇ 10ರಷ್ಟು ಎಳೆತ ಕಳೆದುಕೊಂಡೇ ಶುರು ಮಾಡುತ್ತಾನೆ. ನಮ್ಮ ಜಾತ್ರೆಯ ಕುಸ್ತಿಯಲ್ಲಿ ಇಂಥ ಜೋಡಿ ಕಟ್ಟುವುದಿಲ್ಲ. ದುಗ್ಗಮ್ಮನ ಜಾತ್ರೆಯ ಅಖಾಡದಲ್ಲಿ ನಿಂತು ನೋಡಿ: ಹಿರಿಯ ಪೈಲ್ವಾನರು ಹುಡುಗರ ಭುಜ ಮುಟ್ಟಿ, ಮೈಕಟ್ಟು ನೋಡಿ, "ಇವನಿಗೆ ಅವನು ಸರಿ" ಅಂತ ಜೋಡಿ ಹಚ್ಚುತ್ತಾರೆ. ಬೆಂಗಳೂರಿನ ಕುದುರೆ ರೇಸಿನಲ್ಲಿ ಜಾಕಿಯನ್ನು ಓಟದ ಮೊದಲೂ ಆಮೇಲೂ ತೂಗುತ್ತಾರೆ, ಕಡಿಮೆ ಬಿದ್ದರೆ ಜೀನಿಗೆ ಸೀಸ ಸೇರಿಸುತ್ತಾರೆ. ಕುದುರೆಗೆ ಇರುವ ನ್ಯಾಯ ಬೈಕಿಗೆ ಯಾಕಿಲ್ಲ?

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಬೈಕು ತೂಗಲು ವೇ ಬ್ರಿಡ್ಜೇ ಬೇಕೆಂದಿಲ್ಲ. ಸಮತಟ್ಟಾದ ಜಾಗದಲ್ಲಿ ಮುಂದಿನ ಚಕ್ರವನ್ನು ಒಂದು ಕಾಟಾ ಮೇಲೆ, ಹಿಂದಿನ ಚಕ್ರವನ್ನು ಅದೇ ಎತ್ತರದ ಇನ್ನೊಂದರ ಮೇಲೆ ನಿಲ್ಲಿಸಿ ಎರಡನ್ನೂ ಕೂಡಿದರೆ ಬೈಕಿನ ತೂಕ ಬಂತು. ಸವಾರ ಗೇರ್ ಸಮೇತ ಅದರ ಮೇಲೇ ಕೂತರೆ ಒಟ್ಟು ತೂಕ. ತರಗತಿಗೊಂದು ಕನಿಷ್ಠ ಒಟ್ಟು ತೂಕ ಇಟ್ಟು, ಕಡಿಮೆ ಇದ್ದವರು ತಗಡೋ ಸೀಸವೋ ಎಂಜಿನ್ ಹತ್ತಿರ ತಗ್ಗಿನಲ್ಲಿ ಬೋಲ್ಟ್ ಹಾಕಿ ಕಟ್ಟಲಿ. ಪೂರ್ತಿ ಬೇಡ, ಸೂಪರ್‌ಬೈಕಿನ ಹಾಗೆ ಅರ್ಧವೇ ಇರಲಿ. ತೂಕ ಹಾಕುವುದು ರೇಸ್ ಮುಗಿದ ಕೂಡಲೇ ಆಗಲಿ, ಹಿಂದಿನ ದಿನ ಅಲ್ಲ. ನೀರು ಬಿಟ್ಟು ಹಗುರಾದವನಿಗೂ ಸೀಸ ಸೇರುತ್ತದೆ ಅಂತ ಗೊತ್ತಾದರೆ ಉಪವಾಸ ಮಾಡುವುದರಲ್ಲಿ ಅರ್ಥ ಉಳಿಯುವುದಿಲ್ಲ.

ಇದನ್ನು ರೇಸ್ ನಡೆಸುವ ಒಬ್ಬರ ಮುಂದೆ ಇಟ್ಟೆವು. "ತೂಕ ಗೀಕ ಅಂದ್ರೆ ಹುಡುಗ್ರು ಬರೋದೇ ಬಿಡ್ತಾರೆ ಸಾರ್, ಬಂದೋರನ್ನ ಓಡ್ಸಿ ಕಳ್ಸೋದೇ ಕಷ್ಟ" ಅಂದರು. ಅವರ ಕಷ್ಟವೂ ಸುಳ್ಳಲ್ಲ. ಆಂಬುಲೆನ್ಸು, ಪೊಲೀಸ್ ಅನುಮತಿ, ಬಹುಮಾನದ ದುಡ್ಡು ಹೊಂದಿಸುವಷ್ಟರಲ್ಲೇ ಸುಸ್ತಾಗಿರುತ್ತಾರೆ.

ಹುಡುಗನ ಅಮ್ಮ ನಮ್ಮನ್ನು ಕಂಡಾಗಲೆಲ್ಲ ಒಂದೇ ಮಾತು ಹೇಳುತ್ತಾರೆ: "ನೀವು ಪೇಪರ್‌ನೋರು, ಬ್ಯಾಡ ಅಂತ ಹೇಳ್ರಪ್ಪ, ನಿಮ್ ಮಾತು ಕೇಳ್ತಾನೆ." ರೇಸ್ ಬಿಡು ಅಂತ ಹೇಳಲು ನಮಗೆ ಬಾಯಿ ಬರಲಿಲ್ಲ. ನೀರು ಬಿಡಬೇಡ ಅಂತ ಹೇಳಿದ್ದೇವೆ. ಮುಂದಿನ ರೇಸಿಗೆ ಹೆಸರು ಕೊಟ್ಟಿದ್ದಾನೆ. ಊಟ ಮಾಡಿಯೇ ಹೋಗುತ್ತೇನೆ ಅಂದಿದ್ದಾನೆ, ನಂಬಿದ್ದೇವೆ.

ಸ್ಟ್ರಿಂಗರ್ ಕೈಯಲ್ಲಿ ನಿಯಮ ಮಾಡುವ ಅಧಿಕಾರ ಇಲ್ಲ, ವರದಿ ಬರೆಯುವ ಅಧಿಕಾರ ಇದೆ. ಆ ರೇಸಿಗೆ ನಾವು ಕ್ಯಾಮೆರಾ ಜೊತೆ ಗುಜರಿ ಅಂಗಡಿಯಿಂದ ಬಾಡಿಗೆಗೆ ಎರಡು ಕಾಟಾ ತೆಗೆದುಕೊಂಡು ಹೋಗುತ್ತಿದ್ದೇವೆ. ಒಪ್ಪಿದ ಸವಾರರನ್ನು ಫಿನಿಷ್ ಲೈನಿನ ಪಕ್ಕದಲ್ಲೇ ಬೈಕ್ ಸಮೇತ ತೂಗುತ್ತೇವೆ. ವರದಿಯಲ್ಲಿ ಹೆಸರು, ಊರು, ಸ್ಥಾನದ ಜೊತೆ ಒಟ್ಟು ತೂಕವನ್ನೂ ಬರೆದು ಕಳಿಸುತ್ತೇವೆ. ಡೆಸ್ಕಿನವರು ಕತ್ತರಿಸಿದರೆ ಇಲ್ಲಿ ಹಾಕುತ್ತೇವೆ. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಹುಬ್ಬಳ್ಳಿಯಲ್ಲಿ ರೇಸ್ ವರದಿ ಮಾಡುವ ನಮ್ಮ ಗೆಳೆಯರೂ ಹೀಗೇ ಬರೆದು ಕಳಿಸಿ. ಹತ್ತು ರೇಸಿನ ತೂಕ ಒಂದು ಕಡೆ ಸೇರಿದರೆ, ರೇಸ್ ನಡೆಸುವವರ ಮುಂದೆ ಇಡಲು ಬಿಲ್ ಪುಸ್ತಕದ ಹಿಂದಿನ ಲೆಕ್ಕಕ್ಕಿಂತ ಗಟ್ಟಿಯಾದದ್ದು ಸಿಗುತ್ತದೆ.